ಪೀಸಾದ ಗೋಪುರ, ಗಂಗವ್ವನ ಗೋಡೆ

ಬಾಜು ಮನೆಯವರು ಯುರೋಪ್ ಪ್ರವಾಸ ಮುಗಿಸಿ ಬಂದು ಮೊನ್ನೆ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಪೀಸಾದ ವಾಲುಗೋಪುರದ ಮುಂದೆ ಗಂಡ ಹೆಂಡತಿ ಇಬ್ಬರೂ ಅಂಗೈ ಚಾಚಿ, ಬೀಳುವ ಗೋಪುರವನ್ನು ತಾವೇ ತಡೆದು ಹಿಡಿದಂತೆ ನಿಂತಿದ್ದರು. ಅಲ್ಲಿಗೆ ಹೋದವರೆಲ್ಲ ಹೀಗೇ ತೆಗೆಸಿಕೊಳ್ಳುತ್ತಾರಂತೆ. ನಾನೂ ನಗಬೇಕಿತ್ತು. ನಗು ಬರಲಿಲ್ಲ, ಮಂಡಿನೋವಿನ ನೆಪ ಹೇಳಿ ಎದ್ದು ಬಂದೆ.

ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ. ಎಪ್ಪತ್ತರ ದಶಕದಲ್ಲಿ ನಾನು ನವಲಗುಂದ ತಾಲ್ಲೂಕಿನ ತಿರ್ಲಾಪುರದಲ್ಲಿ ಶಾಲೆಯ ಹೊಸ ಅಕ್ಕೋರು, ಅಂದರೆ ಶಿಕ್ಷಕಿ. ಜಗತ್ತಿನ ಹೆಸರಾಂತ ಕಟ್ಟಡಗಳ ಬಣ್ಣದ ಚಿತ್ರಗಳನ್ನು ಹುಬ್ಬಳ್ಳಿಯಲ್ಲಿ ಕೊಂಡು, ನನ್ನ ಬಾಡಿಗೆ ಕೋಣೆಯ ಗೋಡೆಗೆಲ್ಲ ಅಂಟಿಸಿದ್ದೆ. ಪಿರಮಿಡ್ಡು, ತಾಜಮಹಲು, ರೋಮಿನ ಕೊಲೋಸಿಯಂ, ಪೀಸಾದ ವಾಲುಗೋಪುರ, ಐಫೆಲ್ ಗೋಪುರ, ನ್ಯೂಯಾರ್ಕಿನ ನೂರೆರಡು ಅಂತಸ್ತಿನ ಕಟ್ಟಡ. ವಿಜಾಪುರದ ಗೋಲಗುಮ್ಮಟವನ್ನೇ ಕಣ್ಣಾರೆ ಕಂಡಿರದ ನಾನು, ಪಿರಮಿಡ್ಡಿನ ಪಾಠ ಮಾಡುವಾಗ ಒಂದೊಂದು ಕಲ್ಲನ್ನೂ ನಾನೇ ಹೊತ್ತು ಹಾಕಿದವಳಂತೆ ಮಾತಾಡುತ್ತಿದ್ದೆ.

ಮನೆ ಗಂಗವ್ವನದು. ತೀರಿಹೋದ ಗಂಡ ಕಟ್ಟಿದ ಮಣ್ಣಿನ ಮನೆ. ಮುಂದಿನ ಕೋಣೆ ನನಗೆ, ಹಿಂದಿನದು ಆಕೆಗೆ. ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ಚಿತ್ರಗಳ ಮುಂದೆ ಕೂರುತ್ತಿದ್ದಳು. ತಾಜಮಹಲಿನ ಕತೆ ಕೇಳಿ, ಹೆಂಡತಿ ಸತ್ತ ಮೇಲೆ ಅಷ್ಟು ದೊಡ್ಡದು ಕಟ್ಟಿಸಿದವನು ಬದುಕಿದ್ದಾಗ ಅವಳ ಅಡುಗೆಮನೆಗೊಂದು ಬೆಳಕಿಂಡಿ ಇಡಿಸಿದ್ದನೇ ಎಂದು ವಿಚಾರಿಸಿದ್ದಳು.

ಕಪ್ಪುಮಣ್ಣಿನ ಎರೆಸೀಮೆಯ ಮನೆಗಳ ಪದ್ಧತಿ ನಿಮಗೆ ಗೊತ್ತಿರಬಹುದು. ತೊಲೆ, ಜಂತಿಗಳ ಮೇಲೆ ಮಣ್ಣಿನ ಚಪ್ಪಟೆ ಚಾವಣಿ, ಅದೇ ಮಾಳಿಗೆ. ಪ್ರತಿವರ್ಷ ಮಳೆಗೆ ಮುಂಚೆ ಅದರ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು ಹಾಸಬೇಕು, ಇಲ್ಲವಾದರೆ ಸೋರುತ್ತದೆ. ಹಾಗೆ ಹಾಸುತ್ತ ಹಾಸುತ್ತ ಮೇಲೆ ಭಾರ ಹೆಚ್ಚುತ್ತದೆ. ಕೆಳಗೆ ಎರೆನೆಲ ಬೇಸಿಗೆಗೆ ಬಿರಿದು ಮಳೆಗೆ ಉಬ್ಬುತ್ತದೆ. ನಡುವೆ ಸಿಕ್ಕ ಗೋಡೆ ವಾಲದೆ ಏನು ಮಾಡೀತು? ಆ ವರ್ಷ ಮಣ್ಣು ಹಾಕಲು ಬಂದ ಯಮನೂರಿನ ಮನೆ ಕಟ್ಟುವ ಗೌಂಡಿ ಇಮಾಮಸಾಬ, ಹಿಂದಿನ ಗೋಡೆಯನ್ನು ತಟ್ಟಿ ನೋಡಿ ಬುಟ್ಟಿ ಕೆಳಗಿಟ್ಟ. ಮಾಳಿಗೆ ಬಿಚ್ಚಿ ಗೋಡೆ ಹೊಸದಾಗಿ ಕಟ್ಟಬೇಕು, ಅಲ್ಲಿಯವರೆಗೆ ಅಣ್ಣಿಗೇರಿಯ ಮಗಳ ಮನೆಯಲ್ಲಿರು ಎಂದ. ಗಂಗವ್ವನಿಗೆ ಮನೆ ಬಿಡಲು ಮನಸ್ಸಿಲ್ಲ. ಅಕ್ಕೋರನ್ನು ಕೇಳಿದರಾಯಿತು ಎಂದು ಇಬ್ಬರೂ ನನ್ನ ಕೋಣೆಗೆ ಬಂದರು.

ನಾನು ಎದ್ದು ಹೋಗಿ ಆ ಗೋಡೆಯನ್ನು ನೋಡಲೂ ಇಲ್ಲ. ಕುಳಿತಲ್ಲಿಂದಲೇ ಪೀಸಾದ ಚಿತ್ರ ತೋರಿಸಿದೆ.

“ಇದು ನೂರಾರು ವರ್ಷದಿಂದ ವಾಲಿಕೊಂಡ ನಿಂತೈತಿ. ನಿಮ್ಮ ಗ್ವಾಡಿ ಮೊನ್ನೆ ಮೊನ್ನೆ ವಾಲೇತಿ. ಅಷ್ಟ್ಯಾಕ ಅಂಜ್ತೀರಿ ಗಂಗವ್ವಾ?”

ಗಂಗವ್ವನ ಮುಖ ಅರಳಿತು. ಇಮಾಮಸಾಬ ಚಿತ್ರದ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ.

“ಇದರ ಬುಡಕ ಎಂಥಾ ಮಣ್ಣೈತ್ರಿ ಅಕ್ಕೋರ?” ಎಂದ. ಮತ್ತೆ ಅವನೇ ಕೇಳಿದ: “ಇದರಾಗ ಯಾರರೆ ಮಲಗ್ತಾರೇನ್ರಿ?”

ನಾನು ನಕ್ಕುಬಿಟ್ಟೆ. ಓದಿದವರ ಮುಂದೆ ಹೆಚ್ಚು ಮಾತು ಬೇಡವೆನ್ನಿಸಿತೋ ಏನೋ, ಬುಟ್ಟಿ ಎತ್ತಿಕೊಂಡು ಹೋದ. ಗಂಗವ್ವ ಬೇರೆಯವರನ್ನು ಕರೆಸಿ ಆ ವರ್ಷ ಮಣ್ಣು ಸ್ವಲ್ಪ ಹೆಚ್ಚಿಗೇ ಹಾಕಿಸಿದಳು.

ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ರಜೆಗೆಂದು ಧಾರವಾಡಕ್ಕೆ ಹೋಗಿದ್ದ ನಾನು ಮರಳಿ ಬಂದು ಬಸ್ಸಿಳಿದಾಗಲೇ ಸುದ್ದಿ ತಿಳಿಯಿತು. ಮಧ್ಯಾಹ್ನ ಉಂಡು ಅಡ್ಡಾಗಿದ್ದ ಗಂಗವ್ವನ ಮೇಲೆ ಹಿಂದಿನ ಗೋಡೆ ಮಾಳಿಗೆ ಸಮೇತ ಕುಸಿದಿತ್ತು. ಮಣ್ಣು ಸರಿಸಿ ಆಕೆಯ ಹೆಣ ಹೊರತೆಗೆದವನು ಇಮಾಮಸಾಬ. ನನ್ನ ಪೀಸಾದ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಮಗಳು ನೀಲವ್ವ ನನ್ನ ಕೈ ಹಿಡಿದುಕೊಂಡು ಅತ್ತಳು.

“ನಮ್ಮನಿಗೆ ಬಾ ಅಂತ ಎಷ್ಟ ಕರದ್ರೂ ಬರಲಿಲ್ರಿ. ಅಕ್ಕೋರ ಅದಾರ, ನನಗೇನ ಅಂಜಿಕಿಲ್ಲ ಅಂತಿದ್ಲು. ನೀವು ಇದ್ದದ್ದಕ್ಕ ನಮ್ಮವ್ವ ಧೈರ್ಯದಿಂದ ಇದ್ಲರಿ.”

ಅವ್ವ ಮನೆ ಬಿಡದಂತೆ ಮಾಡಿದ್ದು ನನ್ನ ಮಾತೇ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ, ಅವಳ ಬೆನ್ನು ಸವರಿದೆ. ಅಂದಿನಿಂದ ನೀಲವ್ವ ನನ್ನನ್ನು ತಾಯಿಯ ಜಾಗದಲ್ಲಿ ಇಟ್ಟುಕೊಂಡಿದ್ದಾಳೆ. ಪ್ರತಿ ನಾಗರಪಂಚಮಿಗೆ ಸಿಹಿ ಉಂಡಿ ಕಳಿಸುತ್ತಾಳೆ. ಒಂದನ್ನೂ ಬಿಡದೆ ನಾನು ತಿನ್ನುತ್ತೇನೆ.

ಇವತ್ತು ಬೆಳಿಗ್ಗೆ ಅವಳಿಗೆ ಫೋನು ಮಾಡಿ, ನಾಳೆ ಬರುತ್ತೇನೆಂದೆ. ಬದನೆಕಾಯಿ ಎಣಗಾಯಿ ಮಾಡಿಡುತ್ತೇನೆ ಅಂದಳು. ಅವಳು ತಾಟು ಹಾಕುವ ಮೊದಲೇ ಹೇಳಿಬಿಡಬೇಕು. ಉಂಡ ಮೇಲೆ ಹೇಳುವುದು ನನ್ನಿಂದಾಗದು.