ಕಾಕಾನ ಮುಂಗೈ

ಕಾಕಾನ ಬಲ ಮುಂಗೈ ಒಣಗಿದ ಜೋಳದ ದಂಟಿನಷ್ಟು ಸಪೂರವಾಗಿತ್ತು. ಮಣಿಕಟ್ಟಿನಿಂದ ಮೊಳಕೈವರೆಗೆ ಹುಂಜಗಳು ಒದ್ದ ಗುರುತು, ಕುಕ್ಕಿದ ಗುರುತು, ಜಾಳಿಗೆಯ ತಂತಿ ತರಚಿದ ಗುರುತು. ಆ ಕೈಯನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೆಂದರೆ ಅದರ ಒಂದೊಂದು ಗೆರೆಯೂ ಇಂದಿಗೂ ನೆನಪಿದೆ. ನಾನು ಮಾಡಿ ಮುಗಿಸಿದ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಐದೂ ಬೆರಳು ಒಟ್ಟುಮಾಡಿ, ಜಾಳಿಗೆಯ ಕಿಂಡಿಗಳಲ್ಲಿ ತೂರಿಸಿ ನೋಡುತ್ತಿದ್ದರು. ಕೈ ಒಳಗೆ ಹೋಯಿತೆಂದರೆ ನನ್ನ ಅಂದಿನ ಕೆಲಸ ಮಣ್ಣುಪಾಲು.

"ಕತ್ತರಸು ತಮ್ಮಾ. ಮತ್ತ ವೆಲ್ಡಿಂಗ್ ಹೊಡಿ."

ತಿಳವಳ್ಳಿಯಲ್ಲಿ ಹಾನಗಲ್ಲ ರಸ್ತೆಗೆ ನನ್ನ ವೆಲ್ಡಿಂಗ್ ಅಂಗಡಿ. ಅಂಗಡಿಯ ಹಿಂದಿನ ಮನೆ ಕಾಕಾನದು. ರಕ್ತಸಂಬಂಧವೇನೂ ಇಲ್ಲ, ಅಕ್ಕಿ ಗಿರಣಿಯಲ್ಲಿ ದುಡಿದು ಬಿಟ್ಟ ಮೇಲೆ ಊರಿಗೆಲ್ಲ ಕಾಕಾ ಆಗಿದ್ದರು. ಗೇಟು, ಕಿಟಕಿ, ಟ್ರೇಲರಿನ ರಿಪೇರಿ ನನ್ನ ಕೆಲಸ, ಕೋಳಿಗೂಡಲ್ಲ. ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಕೋಳಿಯ ಹೆಸರೆತ್ತಿದರೆ ಅವ್ವ ಮೂಗು ಮುರಿಯುತ್ತಾಳೆ. ಅಂಗಡಿಯ ಹಿಂದೆ ಕಾಕಾ ಇರುವಾಗ ಇದನ್ನೆಲ್ಲ ಯಾರಿಗೆ ಹೇಳುವುದು?

ಅವರ ಕೋಳಿಗಳು ಸಾಮಾನ್ಯದವಲ್ಲ, ಅದು ನಿಜ. ಅವರ ತಾಯಿ ತವರಿನಿಂದ ತಂದ ಜವಾರಿ ತಳಿ. ಹುಂಜ ನಿಂತರೆ ನನ್ನ ಮೊಣಕಾಲು ದಾಟುತ್ತಿತ್ತು. ಕಾಲು ಹೆಬ್ಬೆರಳಿನಷ್ಟು ದಪ್ಪ, ಕುತ್ತಿಗೆ ಬೋಳು, ನಡಿಗೆ ಊರಗೌಡರದು. ಸುತ್ತಲಿನ ಊರುಗಳಲ್ಲೆಲ್ಲ ಆ ತಳಿ ಬೇರೆ ಕೋಳಿಗಳ ಜೊತೆ ಬೆರೆತು ಹೋಗಿತ್ತು. ಬೆರೆಯದೆ ಉಳಿದದ್ದು ಕಾಕಾನ ಹಿತ್ತಲಲ್ಲಿ ಮಾತ್ರ. ಅದು ಉಳಿಯಬೇಕು ಎಂಬುದೊಂದೇ ಅವರ ಹಟ. ಆ ಹಟದ ಬಿಸಿ ತಟ್ಟುತ್ತಿದ್ದದ್ದು ನನಗೆ.

ಮೊದಲ ಗೂಡಿನಲ್ಲಿ ಕೋಳಿ ಕೂರುವ ಪೈಪನ್ನು ಎದೆಮಟ್ಟಕ್ಕೆ ಇಟ್ಟಿದ್ದೆ. "ಇವೇನ್ ಗುಬ್ಬಿ ಏನಲೇ? ಮ್ಯಾಲಿಂದ ಜಿಗಿದ್ರ ಮೈಭಾರಕ್ಕ ಕಾಲ ಹೋಗ್ತಾವು" ಎಂದು ಬಿಚ್ಚಿಸಿದರು. ಮೊಣಕಾಲಿಗಿಂತ ಕೆಳಗೆ ಬೇಕು, ಪೈಪು ಬೇಡ, ಅಗಲ ಹಲಗೆ ಬೇಕು. ಆಮೇಲೆ ಇನ್ನೊಂದು ಸಣ್ಣ ಗೂಡು ಬೇಕೆಂದರು. ಯಾಕೆ? "ದೊಡ್ಡ ಹ್ಯಾಟಿ ತನ್ನ ತತ್ತಿ ತಾನ ತುಳದ ಒಡಿತೈತಿ." ಹ್ಯಾಟಿ ಎಂದರೆ ಹೆಣ್ಣುಕೋಳಿ. ಅದರ ತತ್ತಿಗಳನ್ನು ಯಾವುದೋ ಸಣ್ಣ ಕೋಳಿಯ ಕಾವಿಗೆ ಇಡಬೇಕಿತ್ತು. ಆ ಸಣ್ಣದಕ್ಕೆ ಬೇರೆ ಮನೆ, ಬೇರೆ ಬಾಗಿಲು, ಬಾಗಿಲಿಗೆ ಎರಡು ಚಿಲಕ. ಕರೆಂಟು ಇರುವುದೇ ಅಷ್ಟಿಷ್ಟು ಹೊತ್ತು. ಅದರಲ್ಲಿ ಗಿರಾಕಿಯ ಗೇಟು ಬಿಟ್ಟು ಕಾಕಾನ ಚಿಲಕ. ತಲೆ ಚಿಟ್ಟು ಹಿಡಿಯುತ್ತಿತ್ತು.

ಒಮ್ಮೆ ಸಿಟ್ಟು ತಡೆಯದೆ ಕೇಳಿಯೇ ಬಿಟ್ಟೆ. "ಕಾಕಾ, ನಿಮ್ಮ ಕೈ ಹೋದ್ರ ಏನಾತ್ರಿ? ಕಾಡಬೆಕ್ಕಿನ ಮೈ ಹೋಗಂಗಿಲ್ಲಲ್ಲರಿ?"

"ಮೈ ಯಾಕ ಹೋಗಬೇಕೋ? ಪಂಜಾ ಹೋದ್ರ ಸಾಕು."

ಹಿಂದೆ ಕಟ್ಟಿಗೆ ಪಟ್ಟಿಯ ಗೂಡಿದ್ದಾಗ, ಪಟ್ಟಿಗೆ ಒರಗಿ ಮಲಗಿದ್ದ ಹ್ಯಾಟಿಯ ಕುತ್ತಿಗೆಯನ್ನು ಕಾಡುಬೆಕ್ಕು ಹೊರಗಿನಿಂದಲೇ ಎಳೆದಿತ್ತಂತೆ. ಬೆಳಗ್ಗೆ ನೋಡಿದರೆ ಚಿಲಕ ಹಾಕಿದ್ದು ಹಾಕಿದಂತೆಯೇ ಇದೆ, ಒಳಗೆ ಕೋಳಿ ಸತ್ತು ಬಿದ್ದಿದೆ. ಇದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ನನಗೂ ಪಾಪ ಅನ್ನಿಸಿತು. ಅಷ್ಟರಲ್ಲೇ, "ಮಾತ ಸಾಕು, ಕತ್ತರಸು" ಎಂದರು.

ನನ್ನ ನಿಜವಾದ ಸಿಟ್ಟು ಬೇರೆಯೇ ಇತ್ತು. ಕಾಕಾ ಕೋಳಿ ಮಾರುತ್ತಿರಲಿಲ್ಲ. ಪಾಲಿಗೆ ಕೊಡುತ್ತೇನೆ ಎನ್ನುತ್ತಿದ್ದರು. ಹುಟ್ಟಿದ ಮರಿಗಳಲ್ಲಿ ಸಾಕಿದವರಿಗೆ ಅರ್ಧ, ಕೊಟ್ಟವರಿಗೆ ಅರ್ಧ. ಆದರೆ ಕೊಡುವ ಮುಂಚೆ ಕೇಳಿದವರ ಗೂಡಿಗೆ ಹೋಗಿ ಆ ಕೈ ಹಾಕುತ್ತಿದ್ದರು. ಯಾರ ಗೂಡೂ ಪಾಸಾಗಲಿಲ್ಲ. "ಎಲ್ಲಾ ಒಂದ ಹಿತ್ತಲದಾಗ ಇಟ್ರ ಒಂದ ಬ್ಯಾನಿ ಬಂದ್ರ ತಳೀನ ಹೋಗ್ತೈತ್ರಿ ಕಾಕಾ" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಉಳಿಯಬೇಕು ಎನ್ನುವವರೂ ಅವರೇ, ಹರಡಲು ಬಿಡದವರೂ ಅವರೇ.

ಕಾಕಾ ತಮ್ಮ ಮಗಳನ್ನು ಮದುವೆ ಮಾಡಿ ಕೊಟ್ಟದ್ದು ದುಂಡಸಿಗೆ. ಅವಳು ಒಂದು ಜೋಡಿ ಕೇಳಿದಳು. ಮಗಳಿಗಾದರೂ ಕೊಡುತ್ತಾರೆ ಎಂದುಕೊಂಡು ಬುಟ್ಟಿ ಹೊತ್ತು ನಾನೂ ಹೋದೆ. ಬಸ್ಸಿನ ಉದ್ದಕ್ಕೂ ಆ ಹುಂಜ ಬುಟ್ಟಿಯೊಳಗಿಂದಲೇ ನನ್ನ ತೊಡೆ ಕುಕ್ಕಿತು. ಅಲ್ಲಿ ಮಗಳು ಹೋಳಿಗೆ ಮಾಡಿದ್ದಳು. ಅವಳು ಕೊಟ್ಟ ನೀರನ್ನೂ ಕುಡಿಯದೆ ಕಾಕಾ ಹಿತ್ತಲಿಗೆ ನಡೆದು, ಗೂಡಿನ ತೆಳು ಜಾಳಿಗೆಯಲ್ಲಿ ಕೈ ತೂರಿಸಿದರು. ಕೈ ಮೊಳಕೈವರೆಗೆ ಹೋಯಿತು.

"ಆಗಂಗಿಲ್ಲವ್ವಾ."

"ಅಪ್ಪಾ, ನಾಳೀನ ಬ್ಯಾರೆ ಹಾಕಸ್ತೇನಿ. ಇವತ್ತ ಇಟ್ಟ ಹೋಗು."

"ಇವತ್ತ ರಾತ್ರಿ ಯಾರ ಕಾಯ್ತಾರ?"

ಅವಳ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಗಳ ಮುಖ ಕೆಂಪಾಯಿತು. "ನೀ ನನ್ನ ನೋಡಾಕ ಬಂದಿಲ್ಲ ಬಿಡು. ಗೂಡ ನೋಡಾಕ ಬಂದಿ" ಎಂದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಹೋಳಿಗೆ ತಟ್ಟೆಯಲ್ಲೇ ಉಳಿಯಿತು. ಶಿಗ್ಗಾಂವ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ಚಹಾ ಕೊಡಿಸಲು ಬಂದರೆ ನಾನು ಬೇಡವೆಂದೆ. ಊರು ಮುಟ್ಟುವವರೆಗೂ ಅವರ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಕಾ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಮಗಳು ಬಂದಳು. ಗಂಜಿ ಕುಡಿಸುತ್ತಿದ್ದಳು, ಕಾಲು ಒತ್ತುತ್ತಿದ್ದಳು, ಕೋಳಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಒಂದು ದಿನ ಕಾಕಾ ನನ್ನನ್ನು ಕರೆಸಿದರು.

"ದುಂಡಸಿಯಾಗ ಗೂಡ ಮಾಡು ತಮ್ಮಾ. ನಿನಗ ಗೊತ್ತೈತೆಲ್ಲ. ಆತಂದ್ರ ನೀನ ಕೈ ಹಾಕಿ ನೋಡು."

"ನನ್ನ ಕೈ ಸುತಗಿ ಹಿಡದ ಹಿಡದ ದಪ್ಪ ಆಗೈತ್ರಿ. ಎಲ್ಲೂ ಹೋಗಂಗಿಲ್ರಿ."

ಕಾಕಾ ಮಗಳ ಕಡೆ ನೋಡಿದರು. "ಅಕಿ ಕೈ ನನ್ನಂಗ ಐತಿ. ಅಕಿ ನೋಡ್ಲಿ."

ಗೂಡು ಮುಗಿದ ದಿನ ಅವಳು ದುಂಡಸಿಗೆ ಬಂದಳು. ಕೆಳಗೆಲ್ಲ ಸಣ್ಣ ಕಿಂಡಿಯ ದಪ್ಪ ಜಾಳಿಗೆ, ತಳಕ್ಕೆ ಕಲ್ಲು ಹಾಸು. ಈ ಸಲ ಯಾರೂ ತಪ್ಪು ಹುಡುಕಲಾರರು ಎಂದು ನಾನು ಬೆವರು ಒರೆಸಿಕೊಳ್ಳುತ್ತಾ ಕೂತಿದ್ದೆ. ಅವಳು ಬಲಗೈಯ ಬಳೆ ತೆಗೆದು ಪಕ್ಕಕ್ಕಿಟ್ಟಳು. ಕುಕ್ಕರಗಾಲಲ್ಲಿ ಕೂತಳು. ಐದೂ ಬೆರಳು ಒಟ್ಟುಮಾಡಿ ಒಂದೊಂದೇ ಕಿಂಡಿ ನೋಡುತ್ತಾ ಬಂದಳು. ಎಲ್ಲೂ ಹೋಗಲಿಲ್ಲ. ಕೊನೆಗೆ ಬಾಗಿಲು ತಿರುಗುವ ಹಿಂಜಿನ ಸಂದಿಯಲ್ಲಿ ಕೈ ಸರ್ರನೆ ಒಳಗೆ ಇಳಿಯಿತು.

"ಅಕ್ಕಾ, ಬಾಗಲಾ ತಗ್ಯಾಕ ಅಷ್ಟ ಜಾಗಾ ಬೇಕಾಗ್ತೈತ್ರಿ" ಎಂದೆ.

ಅವಳು ಕೈ ಹೊರಗೆ ತೆಗೆಯಲಿಲ್ಲ. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಕತ್ತರಸ್ರಿ ಅಣ್ಣಾ. ಮತ್ತ ವೆಲ್ಡಿಂಗ್ ಹೊಡೀರಿ."

ಬೈದುಕೊಂಡೇ ಕತ್ತರಿಸಿದೆ. ಸಂಜೆ ಅವಳು ಫೋನಿನಲ್ಲಿ ಹೇಳುವಾಗ ಕಾಕಾ ಕೇಳಿದ್ದು ಒಂದೇ ಮಾತು: "ಕೈ ಹೋತೇನು?" ಹೋಗಿತ್ತು, ಈಗ ಹೋಗುವುದಿಲ್ಲ ಎಂದಳು. "ಹಂಗಾರ ಒಯ್ಯಿರಿ" ಎಂದರು. ಕೋಳಿಗಳೆಲ್ಲ ದುಂಡಸಿ ಸೇರಿ ವಾರ ಕಳೆಯುವುದರೊಳಗೆ ಕಾಕಾ ತೀರಿಕೊಂಡರು. ಅಂಗಡಿಯ ಹಿಂದೆ ಬೆಳಗ್ಗೆ ಕೂಗುವ ಹುಂಜವಿಲ್ಲ, ಕೆಲಸ ಕೆಡಿಸುವವರೂ ಇಲ್ಲ. ಬೇಕಾಗಿದ್ದು ಅದೇ ಅಲ್ಲವೇ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ಆ ಹಿತ್ತಲ ಕಡೆ ತಿರುಗಿ ನೋಡುತ್ತೇನೆ.

ದುಂಡಸಿಯಲ್ಲಿ ಮರಿಗಳಾಗಿವೆ. ಸವಣೂರಿನ ಯಾರೋ ಒಂದು ಜೋಡಿಯನ್ನು ಪಾಲಿಗೆ ಕೇಳಿದ್ದಾರೆ. ಅವರ ಗೂಡನ್ನೂ ನಾನೇ ಮಾಡಿದ್ದು, ಒಳ್ಳೆಯದೇ ಆಗಿದೆ. ನಾಳೆ ಅಕ್ಕ ನೋಡಲು ಬರುತ್ತಾಳಂತೆ. ಕತ್ತರಿಸುವ ಮಷಿನ್ನನ್ನು ಈಗಲೇ ಚೀಲಕ್ಕೆ ಹಾಕಿಟ್ಟುಕೊಂಡಿದ್ದೇನೆ.