ಏಳೂವರೆ ಗಂಟೆಯ ಸೊಸೆ

ಸಂಜೆ ಏಳೂವರೆ ಆಯಿತೆಂದರೆ ರತ್ನಪ್ರಭಾ ಯಾರ ಕೈಗೂ ಸಿಗುವುದಿಲ್ಲ. ಬಾಗಿಲು ಬಡಿದರೂ ಅಷ್ಟೆ, ಫೋನ್ ಬಡಿದುಕೊಂಡರೂ ಅಷ್ಟೆ. ಮೈಸೂರಿನಲ್ಲಿ ಒಂಬತ್ತಕ್ಕೆ ಬರುವ ಸೀರಿಯಲ್ಲು ಕೊಲ್ಲಿ ದೇಶದ ಸೀಬ್ ಎಂಬ ಊರಿನ ಆಕೆಯ ಫ್ಲ್ಯಾಟಿನಲ್ಲಿ, ಅಲ್ಲಿನ ಗಡಿಯಾರ ಹಿಂದಿರುವುದರಿಂದ, ಏಳೂವರೆಗೇ ಬಂದುಬಿಡುತ್ತದೆ. ಅಷ್ಟರೊಳಗೆ ಸಾರು ಕುದಿಸಿ, ಅನ್ನ ಇಳಿಸಿ, ಗಂಡನ ಮುಂದೆ ಹುರಿದ ಕಡಲೆಕಾಯಿಯ ಬಟ್ಟಲಿಟ್ಟು, ಆಕೆ ಟೀವಿಯ ಎದುರು ಪರೀಕ್ಷೆಗೆ ಕೂತವಳಂತೆ ಕೂರುತ್ತಾಳೆ. ಇದನ್ನು ಕೇಳಿ ನಗಬೇಡಿ. ಆಕೆ ನೋಡುವುದು ತನಗೊಬ್ಬಳಿಗಾಗಿ ಅಲ್ಲ.

ಇದೆಲ್ಲ ಶುರುವಾದದ್ದು ಲವಿಟಾಳಿಂದ. ಮಂಗಳೂರಿನ ಲವಿಟಾ ಇಲ್ಲಿನ ವಾದಿ ಅದಾಯ್ ಎಂಬ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಈ ಊರಿನ ಕ್ಲಿನಿಕ್ಕುಗಳು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವುದರಿಂದ ಸೀರಿಯಲ್ಲಿನ ಹೊತ್ತಿಗೆ ಅವಳು ಯಾರದೋ ತೋಳಿಗೆ ಸೂಜಿ ಚುಚ್ಚುತ್ತಿರುತ್ತಾಳೆ. "ರತ್ನಕ್ಕ, ನಿನ್ನೆ ಎಂತ ಆಯ್ತು ಮಾರಾಯ್ರೆ, ಸ್ವಲ್ಪ ಹೇಳಿ" ಎಂದು ಒಂದು ದಿನ ಕೇಳಿದಳು. ರತ್ನಪ್ರಭಾ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಮಾಡಿ ಹೇಳಿದಳು. ಲವಿಟಾ ಅದನ್ನು ದರ್ಜಿ ಅಂಗಡಿಯಲ್ಲಿ ಹೊಲಿಯುವ ಸುಹೈಲಾಗೆ ಕಳಿಸಿದಳು. ಸುಹೈಲಾ ಇನ್ಯಾರಿಗೋ. ಹೀಗೆ ಒಂದು ಗುಂಪೇ ಕಟ್ಟಿಕೊಂಡಿತು. ಸಂಜೆ ದುಡಿಯುವ ಹೆಂಗಸರೆಲ್ಲ ಮರುದಿನ ಬೆಳಿಗ್ಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ದೋಸೆ ಹುಯ್ಯುತ್ತಾ ರತ್ನಪ್ರಭಾಳ ಬಾಯಿಂದ ಸೀರಿಯಲ್ ಕೇಳುವುದು ರೂಢಿಯಾಯಿತು.

ಹೇಳುವುದರಲ್ಲಿ ಆಕೆಯದು ಎತ್ತಿದ ಕೈ. ಅತ್ತೆಗೆ ಒಂದು ದನಿ, ನಾದಿನಿಗೆ ಇನ್ನೊಂದು. ಒಂದು ಮಾತಿಗೆ ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸಿ ಢಂ ಢಂ ಅನ್ನಿಸುತ್ತಾರಲ್ಲ, ಅದನ್ನೂ ಬಾಯಲ್ಲೇ ಮಾಡಿ ತೋರಿಸುತ್ತಿದ್ದಳು. ಅರ್ಧ ಗಂಟೆಯ ಎಪಿಸೋಡಿನಲ್ಲಿ ಕಥೆ ಇರುವುದು ಎಷ್ಟು ಅಂತ ನಿಮಗೂ ಗೊತ್ತು. ರತ್ನಪ್ರಭಾ ಹೇಳಿದ್ದನ್ನು ಕೇಳಿದರೆ ಮಾತ್ರ ಹೊಟ್ಟೆ ತುಂಬುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸೀರಿಯಲ್ಲಿನ ಸೊಸೆ ಶುಭದಾ ಊಟದ ಮೇಜಿನಲ್ಲಿ, ಗಂಡನ ಸ್ನೇಹಿತರ ಮುಂದೆ, "ನಾನೂ ಟೀಚರ್ ಕೆಲಸಕ್ಕೆ ಅರ್ಜಿ ಹಾಕಬೇಕೂಂತಿದ್ದೀನಿ" ಅಂದಳು. ಗಂಡ ಎದ್ದು ಬಂದು ಕೆನ್ನೆಗೆ ಬಾರಿಸಿದ. ಆಮೇಲೆ ಕೊಳಲಿನ ಸಂಗೀತ. ಶುಭದಾ ಕಣ್ಣೀರು ಒರೆಸಿಕೊಂಡು, ಮುಲಾಮಿನ ಡಬ್ಬಿ ತಂದು, ಹೊಡೆದವನ ಅಂಗೈಗೆ ಹಚ್ಚಿದಳು. "ನಿಮ್ಮ ಕೈಗೆ ನೋವಾಯ್ತೇನೋ" ಅಂದಳು. ಅತ್ತೆ ಬಾಗಿಲಲ್ಲಿ ನಿಂತು, ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಆನಂದಬಾಷ್ಪ ಸುರಿಸಿದಳು.

ಇಂಥದ್ದನ್ನು ರತ್ನಪ್ರಭಾ ಎಷ್ಟು ಸಲ ನೋಡಿಲ್ಲ! ಅದಾದರೂ ಹೇಗೋ ನುಂಗಬಹುದಿತ್ತು. ಆದರೆ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಗಂಡ ಗೋಪಾಲಕೃಷ್ಣ, ತಾನು ಸೀರಿಯಲ್ ನೋಡುವವನೇ ಅಲ್ಲ ಎಂಬಂತೆ ಫೋನಿನಿಂದ ಕಣ್ಣು ಕೀಳದೆಯೇ ಅಂದರು: "ಸರಿಯಾಗಿ ಕೊಟ್ಟ. ನಾಲ್ಕು ಜನರ ಮುಂದೆ ಬಾಯಿ ಮಾಡಿದ್ರೆ ಇನ್ನೇನು?"

ಗೋಪಾಲಕೃಷ್ಣ ಕೆಟ್ಟವರಲ್ಲ. ಕಂಪನಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಯಾರ ಗೋಜಿಗೂ ಹೋಗದ ಮನುಷ್ಯ. ಮದುವೆಯಾದಂದಿನಿಂದ ಇವತ್ತಿನವರೆಗೆ ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಎತ್ತಿದ್ದರೆ ಆಕೆಗೆ ಆ ಮಾತು ಹೊಸದಾಗಿರುತ್ತಿರಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವರ ಮನಸ್ಸಿನ ಮೂಲೆಯಲ್ಲಿ ಇದೂ ಒಂದು ಕೂತಿತ್ತಲ್ಲ ಎಂದು ರತ್ನಪ್ರಭಾಗೆ ಅನ್ನಿಸಿತು. ಕಡಲೆಕಾಯಿ ಸಿಪ್ಪೆ ತೆಗೆಯುತ್ತಿದ್ದ ಆ ಕೈಯನ್ನೇ ನೋಡಿದಳು.

ಊಟವಾದ ಮೇಲೆ ಅಡುಗೆಮನೆಗೆ ಹೋಗಿ ಎಂದಿನಂತೆ ಫೋನ್ ಬಾಯಿಗೆ ಹಿಡಿದಳು. ಊಟದ ಮೇಜು ಬಂತು, ಸ್ನೇಹಿತರು ಬಂದರು, ಅರ್ಜಿಯ ಮಾತು ಬಂತು, ಗಂಡ ಎದ್ದು ಬಂದ. ಅಲ್ಲಿಗೆ ಬಂದು ನಾಲಿಗೆ ಮುಷ್ಕರ ಹೂಡಿತು. ಮುಲಾಮಿನ ಡಬ್ಬಿ ಬಾಯಿಗೆ ಬರಲೇ ಇಲ್ಲ. ಲವಿಟಾ ಕೇಳುತ್ತಾಳೆ, ಸುಹೈಲಾ ಕೇಳುತ್ತಾಳೆ, ಆ ಮಕ್ಕಳಿಗೆ ಇದನ್ನು ನನ್ನ ಬಾಯಿಂದ ಹೇಳಬೇಕಾ ಅನ್ನಿಸಿತು. "ಅವನು ಕೈ ಎತ್ತಿದ," ಎಂದಳು. "ಎತ್ತಿದ ಕೈನ ಶುಭದಾ ಹಿಡ್ಕೊಂಡುಬಿಟ್ಲು ಕಣ್ರೇ! ಢಂ ಢಂ ಢಂ!"

ಮರುದಿನ ಗುಂಪಿನಲ್ಲಿ ಹಬ್ಬವೋ ಹಬ್ಬ. ಸುಹೈಲಾ ಬರೇ ಚಪ್ಪಾಳೆಯ ಚಿತ್ರಗಳನ್ನೇ ಒಂದು ರಾಶಿ ಸುರಿದಳು. ಇನ್ನು ಹಿಂದಕ್ಕೆ ಬರುವುದು ಹೇಗೆ? ಎತ್ತಿದ ಕೈ ಹಿಡಿದವಳಿಂದ ಮತ್ತೆ ಕಾಲು ಹಿಡಿಸಲಾಗುತ್ತದೆಯೇ? ಅಲ್ಲಿಂದ ಮುಂದೆ ಕಥೆ ಎರಡಾಯಿತು. ಟೀವಿಯಲ್ಲಿ ಶುಭದಾ ಗಂಡನ ಆಯಸ್ಸಿಗಾಗಿ ಉಪವಾಸ ಕೂತು ತಲೆ ಸುತ್ತಿ ಬಿದ್ದರೆ, ರತ್ನಪ್ರಭಾಳ ಶುಭದಾ ಇಂಟರ್‌ವ್ಯೂಗೆ ಹೋದಳು. ಅಲ್ಲಿ ಅತ್ತೆ ವಿಷ ಕಾರಿದರೆ, ಇಲ್ಲಿ ಅತ್ತೆ ಮನಸ್ಸು ಕರಗಿ, ತಾನೇ ಸೀರೆ ಇಸ್ತ್ರಿ ಮಾಡಿಕೊಟ್ಟು ಸೊಸೆಯನ್ನು ಶಾಲೆಗೆ ಕಳಿಸಿದಳು. ಕೇಳುವವರಿಗೆ ಯಾರಿಗೂ ಸೀರಿಯಲ್ ನೋಡಲು ಪುರುಸೊತ್ತಿಲ್ಲ, ಹಾಗಾಗಿ ಗುಟ್ಟು ಗುಟ್ಟಾಗಿಯೇ ಉಳಿಯಿತು. ರತ್ನಪ್ರಭಾಗೂ ಅದರ ರುಚಿ ಹತ್ತಿತು, ನಿಜ ಹೇಳಬೇಕಲ್ಲ.

ಆ ಗುಂಪಿನಲ್ಲಿ ಹಿತಾ ಎಂಬ ಹುಡುಗಿ ಇದ್ದಳು. ಗಂಡ ಚೇತನ್ ಜೊತೆ ಗುಡ್ಡದಾಚೆಯ ಅಲ್ ಅಮೇರಾತ್ ಊರಿನಲ್ಲಿ ಇರುವವಳು, ಸಂಜೆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮನೆ ಹತ್ತಿರದ ಒಂದು ನರ್ಸರಿ ಶಾಲೆಯವರು ಅವಳನ್ನು ಟೀಚರಾಗಿ ಬಾ ಎಂದು ಕರೆದರು. ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಸೇರಬೇಕು, ಗುರುವಾರದೊಳಗೆ ಹೂಂ ಅನ್ನಬೇಕು. ಚೇತನ್‌ಗೆ ಅಭ್ಯಂತರವಿರಲಿಲ್ಲ, ಆದರೆ "ಅಮ್ಮ ಒಪ್ಪಬೇಕು" ಎಂದ. ಅವನ ತಾಯಿ ಸುಶೀಲಮ್ಮ ಅದೇ ವಾರ ಮೈಸೂರಿನಿಂದ ಬರುವವರಿದ್ದರು. ಆಕೆಗೆ ಏಳೂವರೆಯ, ಅಲ್ಲಿನ ಒಂಬತ್ತರ, ಸೀರಿಯಲ್ಲು ಅಂದರೆ ಪ್ರಾಣ ಎಂಬುದು ಹಿತಾಗೆ ಗೊತ್ತಿತ್ತು. ಹುಡುಗಿ ಹಿಗ್ಗಿದಳು. ಶುಭದಾಳನ್ನು ಅಷ್ಟು ಮೆಚ್ಚುವ ಅತ್ತೆ ತನ್ನನ್ನು ಬೇಡ ಅನ್ನುತ್ತಾರೆಯೇ?

ಸುಶೀಲಮ್ಮ ಬಂದ ಸಂಜೆಯೇ ಅತ್ತೆ, ಮಗ, ಸೊಸೆ ಟೀವಿಯ ಮುಂದೆ ಕೂತರು. ಜಾಹೀರಾತು ಬಂದಾಗ ಹಿತಾ ಬಾಯಿಬಿಟ್ಟಳು. "ಅತ್ತೆ, ಶುಭದಾ ಥರ ನನಗೂ ಟೀಚರ್ ಕೆಲಸ ಸಿಕ್ಕಿದೆ. ಅವಳ ಅತ್ತೆ ಸೀರೆ ಇಸ್ತ್ರಿ ಮಾಡಿ ಕಳಿಸಿದ್ರಲ್ಲ, ನೀವೂ..."

"ಯಾವ ಕೆಲಸ? ಯಾವ ಇಸ್ತ್ರಿ?" ಎಂದರು ಸುಶೀಲಮ್ಮ. ಅಷ್ಟರಲ್ಲಿ ಜಾಹೀರಾತು ಮುಗಿಯಿತು. ಪರದೆಯ ಮೇಲೆ ಶುಭದಾ ಗಂಡನ ಕಾಲೊತ್ತುತ್ತಿದ್ದಳು.

ಸುಶೀಲಮ್ಮನಿಗೆ ಅನ್ನಿಸಿದ್ದು ಒಂದೇ: ವಯಸ್ಸಾದವಳು, ಏನು ಹೇಳಿದರೂ ನಂಬುತ್ತಾಳೆ ಎಂದು ಸೊಸೆ ಕಥೆ ಕಟ್ಟಿ ತನ್ನನ್ನು ಮಂಗ ಮಾಡಲು ಹೊರಟಿದ್ದಾಳೆ. ಚೇತನ್ ಮುಖ ಕೆಂಪಾಯಿತು. "ಅಮ್ಮನ ಹತ್ರಾನೇ ಸುಳ್ಳಾ? ಸುಳ್ಳಿ ನೀನು" ಎಂದ. ಹಿತಾ ಏನು ಹೇಳಲು ಹೋದರೂ ಕೈ ಅಡ್ಡ ಹಿಡಿದ. ಕೆಲಸದ ಮಾತು ಅಲ್ಲಿಗೆ ಖಲಾಸ್.

ಬೆಳಿಗ್ಗೆ ಹಿತಾ ರತ್ನಪ್ರಭಾಗೆ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. "ಆಂಟಿ, ನಾನು ಬೇರೆ ಸೀರಿಯಲ್ ಅಂದ್ಕೊಂಡ್ನಾ? ನೀವು ಹೇಳಿದ್ದು ಇದೇ ಅಲ್ವಾ?"

ಹೂಂ ಮಗಾ, ನೀನೇ ತಪ್ಪು ತಿಳ್ಕೊಂಡೆ ಎಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೂ ಬಂತು, ಸುಳ್ಳೇಕೆ. ಆದರೆ ಹುಡುಗಿಗೆ ಆದ ಅವಮಾನ ತನ್ನಿಂದ ಆದದ್ದು. ಕೆಲಸ ಹೋದರೆ ಇನ್ನೊಂದು ಸಿಗಬಹುದು, ಮನೆಯಲ್ಲಿ ಸುಳ್ಳಿ ಎಂಬ ಹೆಸರು ಅಂಟಿಕೊಂಡರೆ ಬಿಡುವುದಿಲ್ಲ. "ನಾನು ಸಂಜೆ ಬರ್ತೀನಿ" ಎಂದಳು ರತ್ನಪ್ರಭಾ.

ಹೋಗಬೇಕೆಂದರೆ ಗಂಡ ಕಾರು ತೆಗೆಯಬೇಕು. "ನಿನಗ್ಯಾಕೆ ಬೇಕಿತ್ತು ಈ ಇಲ್ಲದ ಉಸಾಬರಿ?" ಎಂದು ಗೊಣಗುತ್ತಲೇ ಗೋಪಾಲಕೃಷ್ಣ ವಾದಿ ಅದಾಯ್ ದಾಟಿ ಗುಡ್ಡದ ರಸ್ತೆ ಹತ್ತಿಸಿದರು. ಕಥೆ ಬದಲಾಯಿಸಿದ್ದನ್ನು ಆಕೆ ಅವರಿಗೆ ಹೇಳಿದ್ದಳು. ಯಾಕೆ ಬದಲಾಯಿಸಿದೆ ಎಂಬುದನ್ನು ಹೇಳಿರಲಿಲ್ಲ.

ಹಿತಾಳ ಮನೆಯಲ್ಲಿ ಕಾಫಿ ಬಂತು. ಸುಶೀಲಮ್ಮ ಸೋಫಾದ ತುದಿಯಲ್ಲಿ ಬಿಗಿದುಕೊಂಡು ಕೂತಿದ್ದರು, ಅವರ ಪಕ್ಕದಲ್ಲಿ ಚೇತನ್. ರತ್ನಪ್ರಭಾ ಲೋಟ ಮುಟ್ಟದೆ ಹೇಳಿದಳು: "ನಿಮ್ಮ ಸೊಸೆ ಸುಳ್ಳು ಹೇಳಿಲ್ಲಮ್ಮ. ಅವಳು ಸೀರಿಯಲ್ ನೋಡೋದೇ ಇಲ್ಲ, ನಾನು ಹೇಳಿದ್ದು ಕೇಳ್ತಾಳೆ ಅಷ್ಟೆ. ಕಥೆ ಬದಲಾಯಿಸಿದವಳು ನಾನು."

"ನೀವಾ? ಯಾರೋ ಬರೆದ ಕಥೇನ ನೀವ್ಯಾಕೆ ಬದಲಾಯಿಸಿದ್ರಿ?"

ಇದಕ್ಕೆ ಉತ್ತರ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿತ್ತು. ಗಂಡನ ಮರ್ಯಾದೆ ಪರರ ಮನೆಯಲ್ಲಿ ಕಳೆಯುವುದೇ? ಬಾಗಿಲ ಬಳಿ ಕಣ್ಣು ಊದಿಸಿಕೊಂಡು ನಿಂತ ಹಿತಾಳನ್ನು ನೋಡಿದಳು. ಹೇಳಿಬಿಟ್ಟಳು. "ಅವತ್ತು ಅವನು ಹೊಡೆದಾಗ ಇವರು, ನಮ್ಮನೆಯವರು, 'ಸರಿಯಾಗಿ ಕೊಟ್ಟ' ಅಂದ್ರು. ಇವರು ಒಂದು ದಿನಾನೂ ನನ್ನ ಮೇಲೆ ಕೈ ಮಾಡಿದವರಲ್ಲ. ಅದಕ್ಕೇ ನನಗೆ ಜಾಸ್ತಿ ಸಂಕಟ ಆಯ್ತು. ಆಮೇಲೆ ಅದನ್ನ ಇನ್ನೊಬ್ಬರಿಗೆ ಹೇಳೋಕೆ ನನ್ನ ಕೈಲಿ ಆಗ್ಲಿಲ್ಲ."

"ಅಯ್ಯೋ, ಸೀರಿಯಲ್ ವಿಷಯ, ನಾನೇನೋ ತಮಾಷೆಗೆ..." ಎಂದರು ಗೋಪಾಲಕೃಷ್ಣ. ಯಾರೂ ನಗಲಿಲ್ಲವಾದ್ದರಿಂದ ಮಾತು ಅಲ್ಲೇ ನಿಂತಿತು.

ಸುಶೀಲಮ್ಮ ರತ್ನಪ್ರಭಾಳ ಕಡೆ ತಿರುಗಿ ಕೂತರು. ಬೈಯುತ್ತಾರೆ ಎಂದೇ ರತ್ನಪ್ರಭಾ ಕಾದಳು. ಅವರು ಕೇಳಿದ್ದು ಬೇರೆ. "ನಿಮ್ಮ ಕಥೇಲಿ ಅವನು ಕೈ ಎತ್ತಿದ. ಇವಳು ಹಿಡ್ಕೊಂಡ್ಲು. ಆಮೇಲೆ ಅವನು ಏನಂದ?"

"ಆಮೇಲೆ ಅವಳು ಇಂಟರ್‌ವ್ಯೂಗೆ..."

"ಅವಳ ವಿಷಯ ಅಲ್ಲ. ಅವನು. ಅವನು ತಪ್ಪಾಯ್ತು ಅಂದ್ನಾ?"

ರತ್ನಪ್ರಭಾ ತಡಕಾಡಿದಳು. ಶುಭದಾಗೆ ಕೆಲಸ ಕೊಡಿಸಿದ್ದಳು, ಧೈರ್ಯ ಕೊಟ್ಟಿದ್ದಳು, ಅತ್ತೆಯ ಪ್ರೀತಿಯನ್ನೂ ದೊರಕಿಸಿದ್ದಳು. ಗಂಡನ ಬಾಯಿಂದ ಆ ಒಂದು ಮಾತು ಆಡಿಸಬೇಕೆಂದು ತೋಚಿಯೇ ಇರಲಿಲ್ಲ. ತಾನೇ ಕಟ್ಟಿದ ಕಥೆಯಲ್ಲೂ ಅವನು ಏನೂ ಆಗದವನಂತೆ ಎದ್ದು ಆಫೀಸಿಗೆ ಹೋಗಿದ್ದ. "ಇಲ್ಲಮ್ಮ," ಎಂದಳು, "ಅನ್ನಲಿಲ್ಲ."

"ನೀವೂ ಅನ್ನಿಸ್ಲಿಲ್ಲ," ಎಂದರು ಸುಶೀಲಮ್ಮ. ದನಿಯಲ್ಲಿ ಕೋಪವಿರಲಿಲ್ಲ, ನಿರಾಸೆ ಇತ್ತು. "ಎಷ್ಟು ವರ್ಷದಿಂದ ಈ ಸೀರಿಯಲ್‌ಗಳನ್ನ ನೋಡ್ತಿದೀನಿ. ಒಂದು ಮುಗಿದ್ರೆ ಇನ್ನೊಂದು. ಎಲ್ಲದ್ರಲ್ಲೂ ಹೊಡೀತಾರೆ. ನಾಳೆ ಕ್ಷಮೆ ಕೇಳ್ತಾನೇನೋ, ನಾಡಿದ್ದು ಕೇಳ್ತಾನೇನೋ ಅಂತ ಕೂತಿರ್ತೀನಿ. ಯಾವನೂ ಕೇಳಲ್ಲ. ಇವನ ಅಪ್ಪನೂ ಕೇಳ್ಲಿಲ್ಲ. ಹೋಗೋ ದಿನ ಕೂಡ ನಾನು ಆಸ್ಪತ್ರೇಲಿ ಅವರ ಮಂಚದ ಪಕ್ಕಾನೇ ಕೂತಿದ್ದೆ. ನೀರು ಕೇಳಿದ್ರು, ಅಷ್ಟೆ."

ಚೇತನ್ ತಲೆ ಎತ್ತಲಿಲ್ಲ. ಆ ಮನೆಯಲ್ಲೇ ಬೆಳೆದವನು, ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದ್ದು ಮಾತ್ರ ಅವನು ಕೇಳಿದ್ದು ಇದೇ ಮೊದಲು. ಕೊನೆಗೆ ಎದ್ದು, ಬಾಗಿಲ ಬಳಿಯಿದ್ದ ಹೆಂಡತಿಯ ಎದುರು ಹೋಗಿ ನಿಂತ. ನಾಲ್ಕು ಜನರ ಮುಂದೆ ಅವನಿಗೆ ನಾಚಿಕೆಯಾಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

"ಹಿತಾ, ನೀನು ಹೇಳೋದನ್ನ ಕೇಳಿಸ್ಕೊಳ್ಳದೇನೇ ಸುಳ್ಳಿ ಅಂದೆ. ತಪ್ಪಾಯ್ತು ಕಣೆ."

ಹಿತಾ ಹೂಂಗುಟ್ಟಿದಳು. ಅಳು ಬಂದದ್ದಕ್ಕೆ ದುಪಟ್ಟಾ ಬಾಯಿಗಿಟ್ಟುಕೊಂಡಳು. ಗೋಪಾಲಕೃಷ್ಣ ಹೆಂಡತಿಯ ಕಡೆ ನೋಡಿದರು. ಆಕೆ ನೋಡಲಿಲ್ಲ. ಸೀಬಿನವರೆಗೆ ದಾರಿ ಉದ್ದವಿದೆ, ಹೇಳುವುದಿದ್ದರೆ ಹೇಳಲಿ ಅಂದುಕೊಂಡಳು. ಆಕೆ ನೋಡುತ್ತಿದ್ದದ್ದು ಸುಶೀಲಮ್ಮನನ್ನು. ಅವರು ಮಗನನ್ನೂ ಸೊಸೆಯನ್ನೂ ಬಾಯಿ ತೆರೆದುಕೊಂಡು ನೋಡುತ್ತಿದ್ದರು.

"ಹಿತಾ, ಆ ಸ್ಕೂಲಿನವರಿಗೆ ಈಗಲೇ ಫೋನ್ ಮಾಡು, ಬರ್ತೀನಿ ಅನ್ನು," ಎಂದರು ಮೆಲ್ಲಗೆ. ಆಮೇಲೆ ರತ್ನಪ್ರಭಾಳ ಕಡೆ ತಿರುಗಿದರು. ಸೆರಗಿನಿಂದ ಒರೆಸಿಕೊಂಡರೂ ಕಣ್ಣೀರು ನಿಲ್ಲಲಿಲ್ಲ.

"ಇಷ್ಟೇನಾ ಅದು? ತಪ್ಪಾಯ್ತು ಅನ್ನೋಕೆ ಇಷ್ಟೇ ಹೊತ್ತು ಸಾಕಾಗಿತ್ತಾ ಇವನ ಅಪ್ಪನಿಗೂ?"