ಇಸ್ತ್ರಿಯಕ್ಕನ ಧೂಳಿನ ಡಬ್ಬ

ಆಕೆಯ ನಿಜವಾದ ಹೆಸರು ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಆಕೆ ಇಸ್ತ್ರಿಯಕ್ಕ. ಮೂವತ್ತನಾಲ್ಕು ವರ್ಷ ಒಂದೇ ಮೇಜಿನ ಮುಂದೆ ನಿಂತು ಮೇಜುಬಟ್ಟೆ, ವೈದ್ಯರ ಕೋಟು, ಪರದೆ, ನೆರಿಗೆಯ ಲಂಗಗಳಿಗೆ ಇಸ್ತ್ರಿ ಹಾಕಿದವಳು. ಗಂಜಿ ಎಷ್ಟು ತೆಳುವಾಗಿರಬೇಕು ಎಂದು ಬೆರಳದ್ದಿ ಹೇಳುತ್ತಿದ್ದಳು. ನೆರಿಗೆ ಮಲಗಿದ್ದರೆ ಅದು ಬಟ್ಟೆಯ ತಪ್ಪಲ್ಲ, ಹಾಕಿದವಳ ತಪ್ಪು ಎಂಬುದು ಆಕೆಯ ಸಿದ್ಧಾಂತ. ಹೊಸದಾಗಿ ಸೇರಿದ ಹುಡುಗಿಯರು ಆಕೆಗೆ ಹೆದರುತ್ತಿದ್ದರು. ಹೆದರಿದ್ದರಿಂದ ಕೆಲಸ ಕಲಿತರು.

ಗಂಡ ಅದೇ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ. ಒಂದು ಮಧ್ಯಾಹ್ನ ಯಾರದೋ ಮನೆಯ ಮೆಟ್ಟಿಲ ಮೇಲೆ, ಬಟ್ಟೆಯ ಗಂಟು ಹಿಡಿದುಕೊಂಡೇ ಕುಸಿದು ಸತ್ತ. ಸುದ್ದಿ ಬಂದಾಗ ಆಕೆಯ ಮೇಜಿನ ಮೇಲೆ ಒಂದು ಅಂಗಿ ಇತ್ತು. ಒಂದು ತೋಳು ಮುಗಿದಿತ್ತು, ಇನ್ನೊಂದು ಬಾಕಿ. ಆಕೆ ಆ ತೋಳನ್ನೂ ಮುಗಿಸಿ, ಅಂಗಿಯನ್ನು ಮಡಿಸಿಟ್ಟು, ಹೊರಟಳು. ಇದನ್ನು ಜನ ಬಹಳ ದಿನ ಆಡಿಕೊಂಡರು. ದುಃಖಕ್ಕೆ ಜನ ಒಂದು ಸಮಯಪಟ್ಟಿ ಇಟ್ಟುಕೊಂಡಿರುತ್ತಾರೆ. ಮೊದಲ ದಿನ ಇಷ್ಟು, ಮೂರನೆಯ ದಿನ ಇಷ್ಟು. ಆಕೆ ಯಾವ ದಿನವೂ ಅಳಲಿಲ್ಲ. ಕಲ್ಲು ಎಂದರು. ಕಲ್ಲೇನೂ ಅಲ್ಲ. ಅಂದು ಬಿಸಿ ಇಸ್ತ್ರಿಪೆಟ್ಟಿಗೆ ತಗುಲಿ ಬೆರಳಲ್ಲಿ ಬೊಬ್ಬೆ ಎದ್ದದ್ದು ಆಕೆಗೆ ಗೊತ್ತಾದದ್ದು ಮರುದಿನ, ಪಕ್ಕದ ಮೇಜಿನವಳು ತೋರಿಸಿದ ಮೇಲೆ.

ಮನೆಯಲ್ಲಿ ಉಳಿದವರು ಇಬ್ಬರು: ಆಕೆ ಮತ್ತು ಗಂಡನ ಅಕ್ಕ. ಅತ್ತಿಗೆಗೆ ಎಪ್ಪತ್ತೊಂದು ವರ್ಷ, ಉಬ್ಬಸ, ಮತ್ತು ಉಬ್ಬಸಕ್ಕೂ ಬಗ್ಗದ ನಾಲಿಗೆ. ಅವರ ಒಬ್ಬನೇ ಮಗ ರೈಲ್ವೆಯಲ್ಲಿ ಗಾರ್ಡು. ವಾರದಲ್ಲಿ ನಾಲ್ಕು ದಿನ ಹಳಿಯ ಮೇಲೆ, ಉಳಿದ ಮೂರು ದಿನ ಇನ್ನೊಬ್ಬನ ಜೊತೆ ಹಂಚಿಕೊಂಡ ಕೋಣೆಯಲ್ಲಿ. ತಾಯಿಯನ್ನು ಇಟ್ಟುಕೊಳ್ಳಲು ಅವನಲ್ಲಿ ಜಾಗವಿರಲಿಲ್ಲ. ಮಾವ ಸತ್ತ ಮೇಲೆ ಅವನು ಒಂದು ವೃದ್ಧರ ಮನೆಯಲ್ಲಿ ವಿಚಾರಿಸಿ, ಪಟ್ಟಿಯಲ್ಲಿ ಹೆಸರು ಬರೆಸಿ ಬಂದಿದ್ದ. ಅವನು ಕೆಟ್ಟವನಲ್ಲ. ಸಮಯಕ್ಕೆ ಸರಿಯಾಗಿ ಯೋಚಿಸುವ ಉದ್ಯೋಗ ಅವನದು.

ತೊಂದರೆ ಇದ್ದದ್ದು ನೆಲದಲ್ಲಿ. ಎರಡು ಕೋಣೆಗೂ ಗೋಡೆಯಿಂದ ಗೋಡೆಗೆ ಹಳೆಯ ಕಂದು ಕಾರ್ಪೆಟ್ ಅಂಟಿಸಿತ್ತು. ಕೆಳಗಿನ ಮನೆಯಲ್ಲಿದ್ದ ಮಾಲೀಕನಿಗೆ ಮೇಲಿನವರ ಹೆಜ್ಜೆ ಸದ್ದು ಕೇಳಿಸಬಾರದು; ಕಾರ್ಪೆಟ್ ಕಿತ್ತರೆ ಮನೆ ಖಾಲಿ ಮಾಡಿ ಎಂದು ಕಡ್ಡಿ ಮುರಿದಂತೆ ಹೇಳಿದ್ದ. ಪೊರಕೆ ಹಾಕಿದರೆ ಧೂಳು ಒಂದು ಕಡೆಯಿಂದೆದ್ದು ಇನ್ನೊಂದು ಕಡೆ ಕೂರುತ್ತಿತ್ತು, ನಡುವೆ ಅತ್ತಿಗೆಯ ಎದೆಯೊಳಗೆ ಹೋಗಿ ಬರುತ್ತಿತ್ತು. ಚಳಿಗಾಲದಲ್ಲಿ ಒಮ್ಮೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಗ ಮಗ ಹೇಳಿದ:

"ಅತ್ತೆ, ನೀವು ನೋಡ್ಕೊಳ್ತಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಇನ್ನೊಂದ್ಸಲ ಹೀಗೆ ಆಸ್ಪತ್ರೆ ಅಂತಾದ್ರೆ, ಅಮ್ಮನ್ನ ಆ ವೃದ್ಧರ ಮನೆಗೆ ಸೇರಿಸಿಬಿಡ್ತೀನಿ."

"ಸರಿ" ಎಂದಳು ಇಸ್ತ್ರಿಯಕ್ಕ.

"ಸರಿಯಂತೆ," ಎಂದರು ಅತ್ತಿಗೆ ಹಾಸಿಗೆಯಿಂದ. "ನನ್ನೇನು ರೈಲಿನ ಪಾರ್ಸೆಲ್ ಅಂದ್ಕೊಂಡ್ರಾ ಇಬ್ರೂ? ಚೀಟಿ ಅಂಟಿಸಿ, ಕಳಿಸಿ."

ಅತ್ತಿಗೆ ಇರಬೇಕೆಂದು ತನಗೆ ಅನಿಸುತ್ತಿದೆಯೇ ಎಂದು ಆಕೆ ತನ್ನನ್ನು ಕೇಳಿಕೊಂಡಳು. ಏನೂ ಅನಿಸಲಿಲ್ಲ. ಆದರೂ ಅವರು ಹೋದರೆ ಆ ಎರಡು ಕೋಣೆಯಲ್ಲಿ ಮಾತೆಂಬುದು ಇರುವುದಿಲ್ಲ ಎಂಬುದು ಲೆಕ್ಕದಷ್ಟು ಸ್ಪಷ್ಟವಾಗಿತ್ತು. ಮರುದಿನ ರಜೆ ಹಾಕಿ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಲು ಹೋದಳು.

ಅಂಗಡಿಯವನು ಮೊದಲು ತೋರಿಸಿದ್ದು ಮುಂದೆ ನೀಲಿ ದೀಪ ಉರಿಯುವ ಒಂದನ್ನು. ಬೆಲೆ ಕೇಳಿ ಆಕೆ, "ಮೂಗಿಗಿಂತ ಮೂಗುತಿ ಭಾರ ಆಯ್ತು. ಮುಂದಿಂದು ತೋರ್ಸಿ" ಎಂದಳು. ಚೀಲದ್ದು ಬೇಡವೆಂದಳು, ಏಕೆಂದರೆ ಚೀಲ ತುಂಬಿದಾಗಲೆಲ್ಲ ಹೊಸದು ಕೊಳ್ಳಬೇಕು, ಇನ್ನೆರಡು ವರ್ಷಕ್ಕೆ ಆ ಅಳತೆಯ ಚೀಲ ಸಿಗುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ನೆಲದ ಮೇಲೆ ಎಳೆದಾಡುವುದೂ ಬೇಡ, ಬಗ್ಗಿದರೆ ಸೊಂಟ ಹಿಡಿಯುತ್ತದೆ. ನಿಂತು ನೂಕುವಂಥದ್ದು, ಡಬ್ಬದಲ್ಲಿ ಧೂಳು ಕೂರುವಂಥದ್ದು ಮೂರು ಇದ್ದವು. ಆಕೆ ಮೂರನ್ನೂ ಒಂದೊಂದಾಗಿ ಒಂದೇ ಕೈಯಲ್ಲಿ ಎತ್ತಿ ನೋಡಿದಳು.

"ಅದು ಎತ್ತೋಕಲ್ಲಮ್ಮ, ನೂಕೋಕೆ" ಎಂದ ಅಂಗಡಿಯವನು.

"ಮೆಟ್ಟಿಲಿಗೆ ನೀವು ಬಂದು ಎತ್ಕೊಡ್ತೀರಾ?"

 ಆಕೆ ಡಬ್ಬ ತೆಗೆಸಿ ಮುಚ್ಚಳ ತೆರೆದು ಮುಚ್ಚಿ ನೋಡಿದಳು. ಒಂದರ ಮುಚ್ಚಳ ಒಮ್ಮೆಲೇ ಬಾಯಿ ಬಿಡುತ್ತಿತ್ತು. ಹಿಡಿಯುವಷ್ಟರಲ್ಲಿ ಧೂಳೆಲ್ಲ ಮುಖಕ್ಕೆ. ಅದನ್ನು ಬದಿಗಿಟ್ಟಳು. ಇನ್ನೊಂದರ ಬ್ರಷ್ ಉರುಳೆ ಬಿಚ್ಚಲು ವಿಶೇಷ ತಿರುಪುಳಿ ಬೇಕಿತ್ತು. ಮೂರನೆಯದರದ್ದು ನಾಣ್ಯದಿಂದ ತಿರುಗಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಅದರ ಫಿಲ್ಟರ್ ಎರಡು: ಮುಂದೆ ಒಂದು ಸ್ಪಂಜು, ಹಿಂದೆ ನೆರಿಗೆ ನೆರಿಗೆಯಾಗಿ ಮಡಿಸಿದ ಒಂದು ಬಿಳಿ ಬಟ್ಟೆ. ಎರಡನ್ನೂ ತೊಳೆಯಬಹುದು. ಅತ್ಯಂತ ಅಗ್ಗದ್ದೂ ಅದೇ.

"ತಿಂಗಳಿಗೊಮ್ಮೆ ತಣ್ಣೀರಲ್ಲಿ ತೊಳೀರಿ. ಒಂದು ದಿನ ಪೂರ್ತಿ ಒಣಗಿಸಿ. ಅಷ್ಟೆ" ಎಂದ ಅಂಗಡಿಯವನು. ತೊಳೆಯುವುದರ ಬಗ್ಗೆ ಲಾಂಡ್ರಿಯವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬಂತೆ ಆಕೆ ತಲೆಯಾಡಿಸಿದಳು. ಅವಳು ಸರಿಯಾಗಿ ಕೇಳಿಸಿಕೊಳ್ಳದ ಮಾತು ಆ 'ಅಷ್ಟೆ' ಒಂದೇ.

ವಾರಕ್ಕೆರಡು ಸಲ ಯಂತ್ರ ಓಡಿತು. ಅತ್ತಿಗೆಯನ್ನು ಬಾಲ್ಕನಿಯಲ್ಲಿ ಕೂರಿಸಿ, ಕಿಟಕಿ ತೆಗೆದು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಿಧಾನವಾಗಿ ನೂಕುವುದು. ಮುಗಿದ ಕೂಡಲೇ, ಡಬ್ಬದ ಮೇಲಿನ ಗೆರೆ ಮುಟ್ಟುವವರೆಗೆ ಕಾಯದೆ, ಕೆಳಗೆ ಒಯ್ದು ಕಸದ ತೊಟ್ಟಿಯೊಳಗೇ ಬಗ್ಗಿಸಿ ಖಾಲಿ ಮಾಡುವುದು. ಉರುಳೆಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆಯುವುದು. ಮೊದಲ ದಿನ ಡಬ್ಬದಲ್ಲಿ ಬಿದ್ದ ಬೂದು ಬಣ್ಣದ ಮುದ್ದೆಯನ್ನು ಆಕೆ ಅತ್ತಿಗೆಗೆ ತೋರಿಸಿದಳು.

"ಇದ್ರಲ್ಲಿ ಅರ್ಧ ನನ್ನ ತಮ್ಮನೇ ಇರ್ಬೇಕು ಕಣೇ," ಎಂದರು ಅತ್ತಿಗೆ. "ಬೂಟು ಬಿಚ್ಚಿ ಒಳಗೆ ಬಾ ಅಂದ್ರೆ ಎಲ್ಲಿ ಕೇಳ್ತಿದ್ದ."

ಇಸ್ತ್ರಿಯಕ್ಕ ಒಂದು ನಿಮಿಷ ಡಬ್ಬ ಹಿಡಿದು ನಿಂತಳು. ಆಮೇಲೆ ಕೆಳಗೆ ಹೋಗಿ ಖಾಲಿ ಮಾಡಿ ಬಂದಳು.

ಎರಡು ತಿಂಗಳು ಅತ್ತಿಗೆಯ ಎದೆ ಹಗುರಾಗಿತ್ತು. ಮಗ ಬಂದಾಗ ಬೆನ್ನಿಗೆ ಕಿವಿ ಕೊಟ್ಟು ಕೇಳಿ, "ಶಿಳ್ಳೆ ನಿಂತಿದೆ" ಎಂದ. "ನಿನ್ನ ಗಾಡಿಗೆ ಬೇಕಾದ್ರೆ ಊದ್ಕೋ, ನಂಗೆ ಬೇಡ" ಎಂದರು ತಾಯಿ.

ಮೂರನೆಯ ಸಲ ಫಿಲ್ಟರ್ ತೊಳೆದಾಗ ಬಿಳಿ ಬಟ್ಟೆಯ ನೆರಿಗೆಗಳು ಸೊರಗಿ, ಒಂದರ ಮೇಲೊಂದು ಮಲಗಿಬಿಟ್ಟವು. ಆಕೆ ಅದನ್ನು ಲಾಂಡ್ರಿಗೆ ಒಯ್ದಳು. ಅದೇನೂ ಯೋಚಿಸಿ ಮಾಡಿದ ಕೆಲಸವಲ್ಲ. ಕೈಗೆ ನೆರಿಗೆ ಸಿಕ್ಕಿತ್ತು, ಎದುರಿಗೆ ಗಂಜಿಯ ಬೋಗುಣಿ ಇತ್ತು. ತೆಳು ಗಂಜಿಯಲ್ಲಿ ಅದ್ದಿ, ಹಿಂಡಿ, ಪೆಟ್ಟಿಗೆಯ ಅಂಚಿನಿಂದ ಒಂದೊಂದೇ ನೆರಿಗೆಯನ್ನು ನಿಲ್ಲಿಸಿದಳು. ಮುಗಿದಾಗ ಅದು ಅಂಗಡಿಯಿಂದ ತಂದದ್ದಕ್ಕಿಂತ ಚೆನ್ನಾಗಿತ್ತು.

ಅಲ್ಲಿಂದ ಯಂತ್ರದ ದನಿ ಬದಲಾಯಿತು, ಸ್ವಲ್ಪ ಕೀಚಲಾಯಿತು. ಡಬ್ಬದಲ್ಲಿ ಬೀಳುತ್ತಿದ್ದದ್ದು ಒಂದು ಚಿಟಿಕೆ. ಕಾರ್ಪೆಟ್ಟು ಕೊನೆಗೂ ಶುದ್ಧವಾಯಿತೆಂದು ಆಕೆ ತಿಳಿದಳು. ನಿಜಕ್ಕೂ ಗಂಜಿ ಬಟ್ಟೆಯ ರಂಧ್ರಗಳನ್ನು ಮುಚ್ಚಿತ್ತು. ಉರುಳೆ ತಿರುಗಿ ಧೂಳೆಬ್ಬಿಸುತ್ತಿತ್ತು, ಎಳೆದುಕೊಳ್ಳಲು ಗಾಳಿ ಇರಲಿಲ್ಲ. ಅತ್ತಿಗೆ ಕೆಮ್ಮತೊಡಗಿದರು. ಆಕೆ ವಾರಕ್ಕೆ ನಾಲ್ಕು ಸಲ ಯಂತ್ರ ಓಡಿಸಿದಳು. ಕೆಮ್ಮು ಹೆಚ್ಚಾಯಿತು. ದಿನವೂ ಓಡಿಸಿದಳು. ಗಂಜಿ ಹಾಕಿದ ಹನ್ನೊಂದನೆಯ ದಿನ ಯಂತ್ರ ಕಾದು ತಾನಾಗಿ ನಿಂತಿತು. ಅದೇ ಸಂಜೆ ಅತ್ತಿಗೆ ಉಸಿರಾಡಲಾಗದೆ ಆಸ್ಪತ್ರೆ ಸೇರಿದರು.

ಮರುದಿನ ಆಕೆ ಯಂತ್ರವನ್ನು ರಿಪೇರಿಯವನ ಹತ್ತಿರ ಒಯ್ದಳು. ಅವನು ಬಿಚ್ಚಿ, ಫಿಲ್ಟರನ್ನು ಮೇಜಿಗೆ ತಟ್ಟಿದ. ತಗಡು ಬಡಿದಂತೆ ಸದ್ದಾಯಿತು.

"ಯಾರಮ್ಮ ಇದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು?"

"ನಾನು."

ಅವನು ನಕ್ಕ. ಆಕೆಯ ಮುಖ ನೋಡಿ ನಿಲ್ಲಿಸಿದ. "ಮೋಟರಿಗೆ ಏನೂ ಆಗಿಲ್ಲ ಬಿಡಿ. ಹೊಸ ಫಿಲ್ಟರ್ ಹಾಕಿದ್ರೆ ಓಡತ್ತೆ. ಈ ಹಳೇದ್ರಿಂದ ಬೆನ್ನು ಕೆರ್ಕೋಬಹುದು, ಅಷ್ಟೆ."

ಮೂರನೆಯ ದಿನ ಆಸ್ಪತ್ರೆಯಲ್ಲಿ ಮಗ ಬಂದು ಹಾಸಿಗೆಯ ಪಕ್ಕ ನಿಂತಿದ್ದ. ಹವೆ ಕೆಟ್ಟಿದೆ, ಎಲ್ಲ ಕಡೆ ಕೆಮ್ಮಿದೆ ಎಂದು ದಾದಿ ಅದಾಗಲೇ ಅವನಿಗೆ ಹೇಳಿದ್ದಳು. ಅವನು ಅದನ್ನು ಒಪ್ಪಿಕೊಳ್ಳುವ ಮನಸ್ಸಿನಲ್ಲಿದ್ದ. ಇಸ್ತ್ರಿಯಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಹವೆಯಿಂದಲ್ಲ," ಎಂದಳು ಆಕೆ. ಫಿಲ್ಟರಿನ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದಳು, ಹನ್ನೊಂದು ದಿನವನ್ನೂ ಸೇರಿಸಿ.

ಅತ್ತಿಗೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ. ನಿಂದು ಕಲಿತದ್ದು. ಅದೂ ಹೋಗಲ್ಲ."

ಮಗನಿಗೆ ನಗುವುದೋ ಬಯ್ಯುವುದೋ ತಿಳಿಯಲಿಲ್ಲ. "ಗೊತ್ತಿಲ್ದೆ ಆಗಿದ್ದು. ಹೋಗ್ಲಿ. ಇನ್ನು ಹೀಗಾಗಲ್ಲ ಅಂತ ಒಂದು ಮಾತು ಹೇಳಿ ಅತ್ತೆ. ಸಾಕು ನಂಗೆ. ಪಟ್ಟಿಯಿಂದ ಹೆಸರು ತೆಗೆಸ್ತೀನಿ."

ಅತ್ತಿಗೆ ಕಣ್ಣು ತೆರೆದರು. ಇಬ್ಬರೂ ಕಾದರು. ಆಕೆ ತನ್ನ ಕೈಗಳನ್ನು ನೋಡಿಕೊಂಡಳು.

"ಹೇಳಕ್ಕಾಗಲ್ಲ," ಎಂದಳು. "ಅವತ್ತು ನನ್ನ ಕೈ ಏನು ಮಾಡ್ತಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಅವರು ಹೋದಾಗಿಂದ ಹಾಗೇ ಇದೆ. ಏನೂ ತಗಲ್ತಿಲ್ಲ. ಅತ್ತಿಗೆ ಕೆಮ್ಮೋದು ಕೇಳಿಸ್ತಿತ್ತು, ಆದ್ರೆ ಹೆದರಿಕೆ ಆಗ್ಲಿಲ್ಲ. ಆಗ್ಬೇಕಿತ್ತು."

ಗಂಡ ಸತ್ತ ಮೇಲೆ ಆಕೆ ಒಟ್ಟಿಗೆ ಆಡಿದ ಅತಿ ದೊಡ್ಡ ಮಾತು ಅದು. ಮಗ ಕಿಟಕಿಯ ಕಡೆ ತಿರುಗಿದ. ಅತ್ತಿಗೆ, "ಒಂದು ಸುಳ್ಳು ಹೇಳಿದ್ರೆ ಮನೇಲೇ ಇರ್ತಿದ್ದೆನಲ್ಲೇ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಆಮೇಲೆ ಮಗನಿಗೆ, "ಅಲ್ಲಿ ನೆಲ ಎಂಥದ್ದು, ಕೇಳಿದೀಯಾ?" ಎಂದರು.

"ಟೈಲ್ಸ್ ಅಮ್ಮ. ಒದ್ದೆ ಬಟ್ಟೇಲಿ ಒರೆಸ್ತಾರೆ."

"ಸರಿ ಹಾಗಾದ್ರೆ."

ಆ ವಾರದ ಕೊನೆಗೆ ಅತ್ತಿಗೆ ಆಸ್ಪತ್ರೆಯಿಂದ ನೇರ ವೃದ್ಧರ ಮನೆಗೆ ಹೋದರು. ಅವರ ಬಟ್ಟೆಗಳನ್ನು ಇಸ್ತ್ರಿಯಕ್ಕ ಎರಡು ಪೆಟ್ಟಿಗೆಯಲ್ಲಿ ಒಯ್ದು ಕೊಟ್ಟಳು. ಮನೆಗೆ ಬಂದು ಹೊಸ ಫಿಲ್ಟರ್ ಹಾಕಿ, ಎರಡು ಕೋಣೆಯನ್ನೂ ಉದ್ದಕ್ಕೆ ಅಡ್ಡಕ್ಕೆ ನೂಕಿದಳು. ಹನ್ನೊಂದು ದಿನದ್ದೆಲ್ಲ ಬಂತು. ಡಬ್ಬವನ್ನು ಮೂರು ಸಲ ಖಾಲಿ ಮಾಡಬೇಕಾಯಿತು. ಮೂರನೆಯ ಸಲ ಕೆಳಗಿನಿಂದ ಹತ್ತಿ ಬರುವಾಗ, ಮೆಟ್ಟಿಲ ನಡುವೆ, ಆಕೆಗೆ ಉಸಿರು ಕಟ್ಟಿದಂತಾಗಿ ಅಲ್ಲೇ ಕುಳಿತಳು. ಧೂಳಿರಬೇಕು ಅಂದುಕೊಂಡಳು. ಬಹಳ ಹೊತ್ತು ಕುಳಿತಿದ್ದಳು. ಅಳುವ ಸದ್ದು ಕೇಳಿ ಮಾಲೀಕ ಬಾಗಿಲು ತೆರೆದು ನೋಡಿ, ಮೆತ್ತಗೆ ಹಾಕಿಕೊಂಡ.